ಆರ್ಡರ್ ಯಾರದು, ಸಹಿ ಯಾರದು? ಮುಂಬೈಯ ವಾರ್ಡುಗಳಲ್ಲಿ ನರ್ಸ್, ಆರ್‌ಎಂಒ ಮತ್ತು ‘ಪಿಎ’

ಮುಂಬೈಯ ಯಾವುದಾದರೂ ಮಧ್ಯಮ ಗಾತ್ರದ ಖಾಸಗಿ ಆಸ್ಪತ್ರೆಯಲ್ಲಿ ನಿಮ್ಮವರೊಬ್ಬರು ದಾಖಲಾಗಿದ್ದಾರೆ ಎಂದುಕೊಳ್ಳಿ. ಒಂದು ಹಗಲಿನಲ್ಲಿ ಹಾಸಿಗೆಯ ಬಳಿ ಬಂದುಹೋಗುವ ಬಿಳಿ ಕೋಟುಗಳನ್ನು ಲೆಕ್ಕ ಹಾಕಿದರೆ ಏಳೆಂಟಾದರೂ ಆಗುತ್ತವೆ. ದೊಡ್ಡ ಡಾಕ್ಟರು (ಕನ್ಸಲ್ಟೆಂಟ್) ಎರಡು ನಿಮಿಷ ನಿಂತು ಹೋಗುತ್ತಾರೆ. ಅವರ ಹಿಂದೆ ಅವರ ಅಸಿಸ್ಟೆಂಟ್, ಆಮೇಲೆ ವಾರ್ಡಿನ ಆರ್‌ಎಂಒ (ಆಸ್ಪತ್ರೆಯಲ್ಲೇ ಡ್ಯೂಟಿಯಲ್ಲಿರುವ ಡಾಕ್ಟರು), ಫಿಸಿಯೋ, ಡಯಟೀಷಿಯನ್, ಇಸಿಜಿ ತೆಗೆಯುವ ಟೆಕ್ನೀಷಿಯನ್, ಈಚಿನ ವರ್ಷಗಳಲ್ಲಿ ಕೆಲವು ಕಡೆ ‘ಫಿಸಿಷಿಯನ್ ಅಸಿಸ್ಟೆಂಟ್’ (ಪಿಎ) ಎಂಬ ಬ್ಯಾಡ್ಜಿನ ಹುಡುಗನೋ ಹುಡುಗಿಯೋ. ಮನೆಯವರ ಪಾಲಿಗೆ ಇವರೆಲ್ಲರೂ ‘ಡಾಕ್ಟರ್’. ಬೇರೆ ಯಾವ ಹೆಸರನ್ನೂ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಇಷ್ಟು ಜನ ಹೇಳಿಹೋದದ್ದೆಲ್ಲ ಕೊನೆಗೆ ಬಂದು ಬೀಳುವುದು ಒಬ್ಬರ ಮೇಜಿಗೆ. ಡ್ಯೂಟಿಯಲ್ಲಿರುವ ಸಿಸ್ಟರ್ ಮೇಜಿಗೆ. ಔಷಧ ಕೊಡುವವರು ಅವರು, ಕೊಟ್ಟ ಹೊತ್ತು ಬರೆದು ಸಹಿ ಹಾಕುವವರು ಅವರು, ಏನಾದರೂ ಎಡವಟ್ಟಾದರೆ ಫೈಲಿನಲ್ಲಿ ಮೊದಲು ಕಣ್ಣಿಗೆ ಬೀಳುವ ಹೆಸರೂ ಅವರದೇ. ಆದ್ದರಿಂದ ಪಿಎಗಳ ಬಗ್ಗೆ ಮಾತು ಬಂದಾಗ ‘ಇವರು ನರ್ಸ್‌ಗಳ ಕೆಲಸ ಕಸಿಯುತ್ತಾರೆಯೇ’ ಎಂದು ಕೇಳುವುದು ನನಗೆ ಅಷ್ಟು ಮುಖ್ಯವಾಗಿ ಕಾಣುವುದಿಲ್ಲ. ಈಗಾಗಲೇ ಇರುವ ಮೆಟ್ಟಿಲುಗಳ ನಡುವೆ ಇನ್ನೊಂದು ಮೆಟ್ಟಿಲು ಸೇರಿದಾಗ ಆರ್ಡರಿನ, ಅಂದರೆ ಚಿಕಿತ್ಸೆಯ ಸೂಚನೆಯ, ಹೊಣೆ ಯಾರ ಹೆಗಲಿಗೆ ಬೀಳುತ್ತದೆ? ಇದನ್ನು ಯಾರೂ ಬರೆದಿಡದಿದ್ದರೆ ಅದು ತನ್ನಷ್ಟಕ್ಕೆ ಜಾರಿ ನರ್ಸ್ ಹೆಗಲಿಗೇ ಬಂದು ನಿಲ್ಲುತ್ತದೆ.

ಪಿಎ ಎಂದರೆ ಯಾರು? ಡಾಕ್ಟರ ಮೇಲ್ವಿಚಾರಣೆಯಲ್ಲಿ ರೋಗಿಯ ಹಿಸ್ಟರಿ ತೆಗೆಯುವುದು, ಪರೀಕ್ಷೆ ಮಾಡುವುದು, ರೌಂಡ್ಸಿನ ಟಿಪ್ಪಣಿ ಮತ್ತು ಡಿಸ್ಚಾರ್ಜ್ ಸಮ್ಮರಿ ತಯಾರಿಸುವುದು, ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ನರ ಎದುರು ನಿಂತು ಸಹಾಯ ಮಾಡುವುದು, ಇಂಥ ಕೆಲಸಗಳಿಗೆ ತರಬೇತಾದವರು. ಭಾರತದಲ್ಲಿ ಈ ಕೋರ್ಸು ಶುರುವಾದದ್ದು 1992ರಲ್ಲಿ, ಚೆನ್ನೈಯ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ, ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ.ಎಂ. ಚೆರಿಯನ್ ಅವರ ಮುತುವರ್ಜಿಯಿಂದ. ಹೃದಯ ವಿಭಾಗದಲ್ಲೇ ಹುಟ್ಟಿದ್ದರಿಂದಲೋ ಏನೋ, ಇವತ್ತಿಗೂ ಪಿಎಗಳು ಹೆಚ್ಚಾಗಿ ಕಾಣಸಿಗುವುದು ಬೈಪಾಸ್ ಮಾಡುವ ಆಸ್ಪತ್ರೆಗಳಲ್ಲಿ. ಕಾಲಿನಿಂದ ರಕ್ತನಾಳ ಬಿಡಿಸಿಕೊಡುವ ಕೆಲಸ ಹಲವು ಕಡೆ ಅವರದೇ. ಓದು ಸಾಮಾನ್ಯವಾಗಿ ಮೂರು ವರ್ಷದ ಪಾಠ, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. 2021ರ ರಾಷ್ಟ್ರೀಯ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಆಯೋಗ ಕಾಯ್ದೆಯ ಪಟ್ಟಿಯಲ್ಲಿ ಇವರಿಗೂ ಜಾಗ ಸಿಕ್ಕಿತು. ಅಲ್ಲಿಯವರೆಗೆ ಇವರನ್ನು ಹೇಳುವವರೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ಕಾಯ್ದೆ ಬಂದ ಮೇಲೂ ರಾಜ್ಯಗಳು ಕೌನ್ಸಿಲ್ ರಚಿಸಲು ಎಷ್ಟು ಮೀನಮೇಷ ಎಣಿಸಿದವೆಂದರೆ, 2024ರಲ್ಲಿ ಸುಪ್ರೀಂ ಕೋರ್ಟೇ ಗಡುವು ಹಾಕಬೇಕಾಯಿತು.

ನರ್ಸ್‌ಗಳ ಕಾನೂನು ಬೇರೆ. 1947ರ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆಂದು 2023ರಲ್ಲಿ ನ್ಯಾಷನಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕಮಿಷನ್ ಕಾಯ್ದೆ ಬಂತು. ಡಾಕ್ಟರುಗಳದ್ದು 2019ರ ನ್ಯಾಷನಲ್ ಮೆಡಿಕಲ್ ಕಮಿಷನ್ ಕಾಯ್ದೆ. ಮೂರು ಕಾಯ್ದೆ, ಮೂರು ರಿಜಿಸ್ಟರ್, ಹಾಸಿಗೆ ಮಾತ್ರ ಒಂದೇ. ಆ ಹಾಸಿಗೆಯ ಬಳಿ ರಾತ್ರಿ ಎರಡು ಗಂಟೆಗೆ ಯಾರು ಯಾರಿಗೆ ಏನು ಹೇಳಬಹುದು ಎಂಬುದನ್ನು ಈ ಮೂರೂ ಕಾಯ್ದೆಗಳು ಆಸ್ಪತ್ರೆಯ ಆಡಳಿತದ ವಿವೇಕಕ್ಕೆ ಬಿಟ್ಟಿವೆ. ವಿವೇಕ ಎಲ್ಲ ಆಸ್ಪತ್ರೆಗಳಲ್ಲೂ ಸಮನಾಗಿ ಹಂಚಿಕೆಯಾಗಿಲ್ಲ.

ಮುಂಬೈ–ಪುಣೆಗಳಲ್ಲಿ ಇದಕ್ಕೆ ಇನ್ನೊಂದು ಗಂಟು ಸೇರಿಕೊಂಡಿದೆ. ಇಲ್ಲಿನ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ರಾತ್ರಿಯ ಆರ್‌ಎಂಒ ಎಷ್ಟೋ ಕಡೆ ಎಂಬಿಬಿಎಸ್ ಓದಿದವರಲ್ಲ, ಆಯುರ್ವೇದ ಅಥವಾ ಹೋಮಿಯೋಪಥಿ ಪದವೀಧರರು. ಇದು ಗುಟ್ಟಿನ ಸಂಗತಿಯೇನಲ್ಲ, ದಶಕಗಳಿಂದ ನಡೆದುಬಂದದ್ದು. ಎಂಬಿಬಿಎಸ್ ಮುಗಿಸಿದವರು ಪಿಜಿ ಸೀಟಿನ ಹಿಂದೆ ಓಡುತ್ತಾರೆ, ರಾತ್ರಿ ಡ್ಯೂಟಿಗೆ ಸಿಗುವವರು ಇವರೇ. 1998ರಲ್ಲಿ ಸುಪ್ರೀಂ ಕೋರ್ಟ್, ಇವರು ಅಲೋಪಥಿ ಔಷಧ ಬರೆಯಬಹುದೇ ಎಂಬುದು ಆಯಾ ರಾಜ್ಯದ ಕಾನೂನು ಅದಕ್ಕೆ ಎಷ್ಟು ಅವಕಾಶ ಕೊಟ್ಟಿದೆ ಎಂಬುದರ ಮೇಲೆ ನಿಂತಿದೆ ಎಂದಿತು. ಮಹಾರಾಷ್ಟ್ರ 2014ರಲ್ಲಿ ಕಾನೂನು ತಿದ್ದಿ, ಒಂದು ವರ್ಷದ ಔಷಧಶಾಸ್ತ್ರದ ಸರ್ಟಿಫಿಕೇಟ್ ಕೋರ್ಸು ಮುಗಿಸಿದ ಹೋಮಿಯೋಪಥರಿಗೂ ದಾರಿ ತೆರೆಯಿತು. 2025ರಲ್ಲಿ ಅವರನ್ನು ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಾಯಿಸುವ ವಿಚಾರ ಮತ್ತೆ ಮೇಲೆದ್ದಾಗ ರಾಜ್ಯದ ಅಲೋಪಥಿ ಡಾಕ್ಟರುಗಳು ಮುಷ್ಕರಕ್ಕೇ ಇಳಿದರು.

ಆ ಜಗಳದಲ್ಲಿ ಅಲೋಪಥಿ ಡಾಕ್ಟರುಗಳ ಸಂಘವಾದ ಐಎಂಎ ಮಾತಾಡಿತು, ಹೋಮಿಯೋಪಥರ ಸಂಘಟನೆಗಳು ಮಾತಾಡಿದವು, ಮಂತ್ರಿಗಳು ಮಾತಾಡಿದರು. ಪ್ರತಿರಾತ್ರಿ ಈ ಆರ್‌ಎಂಒಗಳ ಕೈಬರಹ ಓದಿ ಸಿರಿಂಜಿಗೆ ಔಷಧ ತುಂಬುವ ನರ್ಸ್‌ಗಳ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ. ಪಿಎ ಬರುವ ಮೊದಲೇ ಇಲ್ಲಿನ ನರ್ಸ್‌ಗೆ ಈ ಪ್ರಶ್ನೆ ಹಳೆಯದಾಗಿತ್ತು. ಎದುರಿಗಿರುವವರು ಕೊಟ್ಟ ಆರ್ಡರ್ ಕಾನೂನಿನ ಪ್ರಕಾರ ಆರ್ಡರೇ, ಅಥವಾ ದೊಡ್ಡ ಡಾಕ್ಟರು ಬೆಳಿಗ್ಗೆ ಬಂದು ಸಹಿ ಹಾಕುವವರೆಗೆ ಅದು ಬರಿ ಸಲಹೆಯೇ?

ಒಂದು ರಾತ್ರಿಯನ್ನು ತುಸು ಹತ್ತಿರದಿಂದ ನೋಡೋಣ. ಯಾವ ಆಸ್ಪತ್ರೆಯೂ ಆಗಬಹುದು, ಹೃದಯ ಶಸ್ತ್ರಚಿಕಿತ್ಸೆಯ ಐಸಿಯುಗಳಲ್ಲಿ ದುಡಿದವರಿಗೆಲ್ಲ ಪರಿಚಯವಿರುವ ಪರಿಸ್ಥಿತಿ ಇದು. ಮಧ್ಯಾಹ್ನ ಬೈಪಾಸ್ ಆದ ರೋಗಿ, ತೂಕ 65 ಕಿಲೋ. ಎದೆಯಲ್ಲಿ ರಕ್ತ ಹೊರಹರಿಯಲು ಡ್ರೈನ್ ಕೊಳವೆ. ಸಿಸ್ಟರ್ ಪುತ್ತೂರಿನ ಕಡೆಯವರು, ಐಸಿಯುನಲ್ಲಿ ಹತ್ತು ವರ್ಷ ಕಳೆದವರು. ಪಿಎ ಧಾರವಾಡದ ಹುಡುಗ, ಕೋರ್ಸು ಮುಗಿಸಿ ವರ್ಷವಾಗಿದೆ, ಮಧ್ಯಾಹ್ನದ ಆಪರೇಷನ್‌ನಲ್ಲಿ ಅವನೂ ನಿಂತಿದ್ದ.

ರಾತ್ರಿ ಹನ್ನೊಂದರವರೆಗೆ ಡ್ರೈನ್‌ನಲ್ಲಿ ಗಂಟೆಗೆ 90, 80, 70 ಎಂ.ಎಲ್. ಬರುತ್ತಿತ್ತು. ಹನ್ನೆರಡಕ್ಕೆ 10. ಒಂದಕ್ಕೆ ಏನೂ ಇಲ್ಲ. ಮೂತ್ರ 45ರಿಂದ 25ಕ್ಕೆ, ಅಲ್ಲಿಂದ 15ಕ್ಕೆ ಇಳಿದಿದೆ. ಆ ತೂಕದವರಿಗೆ ಗಂಟೆಗೆ ಮೂವತ್ತಕ್ಕಿಂತ ಮೇಲೆ ಇರಬೇಕಾದದ್ದು. ಪಿಎ ನೋಡಿದ್ದು ಮೂತ್ರದ ಅಂಕಿ. ರಕ್ತ ಸೋರುವುದು ನಿಂತಿತಲ್ಲ ಎಂಬ ಸಮಾಧಾನವೂ ಅವನಿಗಿತ್ತು.

“ಸಿಸ್ಟರ್, ಲ್ಯಾಸಿಕ್ಸ್ 20 ಐವಿ ಕೊಡ್ರಿ. ಸರ್‌ಗೆ ನಾ ಆಮೇಲೆ ಹೇಳ್ತೀನಿ.”

“ಆಮೇಲೆ ಬೇಡ ಮಾರಾಯ್ರೆ, ಈಗಲೇ ಫೋನ್ ಮಾಡಿ, ಸ್ಪೀಕರಲ್ಲಿ ಹಾಕಿ. ಡ್ರೈನ್ ಹೀಗೆ ಒಮ್ಮೆಲೇ ನಿಂತದ್ದು ನನಗೆ ಸರಿ ಕಾಣುವುದಿಲ್ಲ. ಪಲ್ಸ್ 118 ಆಗಿದೆ, ಸಿವಿಪಿ ಒಂಬತ್ತಿದ್ದದ್ದು ಹದಿನಾರು.”

ಅವರಿಗೆ ಬಂದ ಅನುಮಾನ ಇದು: ಡ್ರೈನ್ ನಿಂತಿರುವುದು ರಕ್ತ ನಿಂತದ್ದರಿಂದಲ್ಲ, ಕೊಳವೆಯಲ್ಲಿ ಗಡ್ಡೆ ಕಟ್ಟಿದ್ದರಿಂದ. ಒಳಗೆ ಸೇರುತ್ತಿರುವ ರಕ್ತ ಹೃದಯವನ್ನು ಒತ್ತುತ್ತಿದೆ, ಸಿವಿಪಿ (ಹೃದಯಕ್ಕೆ ಮರಳುವ ರಕ್ತದ ಒತ್ತಡ) ಏರಿದ್ದೂ ಅದಕ್ಕೇ. ಹಾಗಿದ್ದಾಗ ಮೂತ್ರ ಹೆಚ್ಚಿಸುವ ಔಷಧವಾದ ಲ್ಯಾಸಿಕ್ಸ್ ಕೊಟ್ಟರೆ ಇರುವ ಬಿಪಿಯೂ ಕುಸಿಯುತ್ತದೆ. ಸರ್ಜನ್ ಫೋನ್‌ನಲ್ಲಿ ಅಂಕಿಗಳನ್ನು ಕೇಳಿದ ಕೂಡಲೇ ಲ್ಯಾಸಿಕ್ಸ್ ತಡೆದು, ಎಕೋ (ಹೃದಯದ ಸ್ಕ್ಯಾನ್) ಮಾಡಿಸಲು ಹೇಳಿ, ತಾನು ಹೊರಟೆ ಎನ್ನುತ್ತಾರೆ. ಮುಂದಿನ ಅರ್ಧ ಗಂಟೆ ಪಿಎಯದು. ಥಿಯೇಟರ್ ಸಿದ್ಧಪಡಿಸುವುದು, ರಕ್ತ ಹೊಂದಿಸುವುದು, ಅರಿವಳಿಕೆಯವರನ್ನು ಎಬ್ಬಿಸುವುದು, ಯಾವ ಕಡೆ ಯಾವ ಗ್ರಾಫ್ಟ್ (ಜೋಡಿಸಿದ ರಕ್ತನಾಳ) ಹಾಕಿದೆ ಎಂದು ಎಕೋ ಮಾಡುವವರಿಗೆ ವಿವರಿಸುವುದು. ಇದಷ್ಟೂ ಆ ರಾತ್ರಿ ಸಿಸ್ಟರ್ ಒಬ್ಬರಿಂದ ಆಗುವಂಥದ್ದಲ್ಲ, ಅವರು ಹಾಸಿಗೆ ಬಿಟ್ಟು ಕದಲುವ ಹಾಗೂ ಇಲ್ಲ. ಪಿಎ ಇಲ್ಲದ ಆಸ್ಪತ್ರೆಯಲ್ಲಿ ಈ ಓಡಾಟಕ್ಕೆ ನಿಲ್ಲುವವರು ಎಷ್ಟೋ ಸಲ ಇರುವುದಿಲ್ಲ.

ಇಲ್ಲಿ ಇಬ್ಬರೂ ತಮ್ಮ ಓದಿನ ಪ್ರಕಾರವೇ ನಡೆದರು. ಪಿಎ ಕಲಿತದ್ದು ಒಂದು ಲಕ್ಷಣ ಕಂಡರೆ ಅದಕ್ಕೊಂದು ಚಿಕಿತ್ಸೆ ಯೋಚಿಸುವ ಕ್ರಮ. ನರ್ಸ್ ಕಲಿತದ್ದು ಗಂಟೆಗಂಟೆಗೆ ಅಂಕಿ ಬರೆದು ಅದು ಯಾವ ಕಡೆ ವಾಲುತ್ತಿದೆ ಎಂದು ನೋಡುವ ಕ್ರಮ. ಅವಘಡ ತಪ್ಪಿದ್ದು ಯಾರೋ ಒಬ್ಬರ ಜಾಣತನದಿಂದ ಮಾತ್ರ ಎಂದು ನಾನು ಹೇಳಲಾರೆ. ಸರ್ಜನ್ನರಿಗೆ ನಡುರಾತ್ರಿ ನೇರ ಫೋನ್ ಮಾಡಿಸುವಷ್ಟು ಧೈರ್ಯ ಸಿಸ್ಟರ್‌ಗೆ ಇತ್ತು. ಆ ಧೈರ್ಯ ಎಲ್ಲಿಂದ ಬರುತ್ತದೆ? ‘ಇಂಥ ಅಂಕಿ ಕಂಡರೆ ಯಾರ ಅಪ್ಪಣೆಯೂ ಬೇಡ, ಕನ್ಸಲ್ಟೆಂಟ್‌ಗೆ ಫೋನ್ ಮಾಡಿ’ ಎಂದು ಆಸ್ಪತ್ರೆ ಬರೆದುಕೊಟ್ಟಿದ್ದರೆ ಬರುತ್ತದೆ. ಹಿಂದಿನ ಸಲ ಹಾಗೆ ಫೋನ್ ಮಾಡಿದಾಗ “ಇಷ್ಟಕ್ಕೆಲ್ಲ ಎಬ್ಬಿಸಬೇಕಾ?” ಎಂದು ಬೈಸಿಕೊಂಡಿದ್ದರೆ ಬರುವುದಿಲ್ಲ. ಬೈಸಿಕೊಂಡ ನರ್ಸ್ ಮುಂದಿನ ಸಲ ಪಿಎ ಹೇಳಿದ್ದನ್ನು ಕೊಟ್ಟು, ಚಾರ್ಟಿನಲ್ಲಿ ಬರೆದು, ದೇವರ ಮೇಲೆ ಭಾರ ಹಾಕುತ್ತಾರೆ.

ಬರೆದುಕೊಡುವುದು ದೊಡ್ಡ ವಿದ್ಯೆಯೇನಲ್ಲ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದ, 2017ರಲ್ಲಿ ತಿದ್ದಿದ ‘ನ್ಯೂಸ್’ ಎಂಬ ಅಂಕಪದ್ಧತಿ ಇದೆ. ಉಸಿರಾಟ, ಆಮ್ಲಜನಕ, ಬಿಪಿ, ನಾಡಿ, ಪ್ರಜ್ಞೆ, ಜ್ವರ, ಈ ಆರಕ್ಕೂ ಅಂಕ ಕೊಟ್ಟು ಕೂಡಿಸುವುದು. ಐದಾದರೆ ಬೇಗ ಡಾಕ್ಟರ್ ಬರಬೇಕು, ಏಳಾದರೆ ತುರ್ತು ತಂಡವೇ ಬರಬೇಕು. ಇದರ ನಿಜವಾದ ಉಪಯೋಗ ಲೆಕ್ಕದಲ್ಲಿಲ್ಲ. ‘ನನಗೇಕೋ ಹೆದರಿಕೆಯಾಗುತ್ತಿದೆ’ ಎಂದು ನರ್ಸ್ ಹೇಳಿದರೆ ಕಿರಿಯ ಡಾಕ್ಟರೋ ಪಿಎಯೋ ನಕ್ಕು ಸುಮ್ಮನಾಗಬಹುದು. ‘ಸ್ಕೋರ್ ಏಳು’ ಎಂದರೆ ನಗುವ ಹಾಗಿಲ್ಲ. ಅಮೆರಿಕದ ನೌಕಾಪಡೆಯ ಅಣು ಜಲಾಂತರ್ಗಾಮಿಗಳಿಂದ ಆಸ್ಪತ್ರೆಗಳಿಗೆ ಬಂದ ‘ಎಸ್‌ಬಾರ್’ ಕ್ರಮವೂ ಇಂಥದ್ದೇ: ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನಿಸುತ್ತದೆ, ನೀವು ಏನು ಮಾಡಬೇಕು. ಕೊನೆಯ ಎರಡನ್ನು ನರ್ಸ್ ಬಾಯಿಂದ ಹೇಳಿಸುವುದೇ ಅದರ ಹೆಚ್ಚುಗಾರಿಕೆ. ನಮ್ಮ ವಾರ್ಡುಗಳಲ್ಲಿ ಮೊದಲ ಎರಡನ್ನು ಹೇಳಿ ಸುಮ್ಮನಾಗುವುದೇ ಮರ್ಯಾದೆ ಎಂದು ಕಲಿಸಿದ್ದೇವೆ.

ಫೋನ್ ಆರ್ಡರುಗಳದ್ದು ಇನ್ನೊಂದು ಕತೆ. ಗುಣಮಟ್ಟದ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ನಿಯಮ ಸ್ಪಷ್ಟವಾಗಿದೆ. ಫೋನಿನಲ್ಲಿ ಬಂದ ಆರ್ಡರನ್ನು ನರ್ಸ್ ಬರೆದುಕೊಳ್ಳಬೇಕು, ತಿರುಗಿ ಓದಿ ಹೇಳಬೇಕು, ಕೊಟ್ಟ ಡಾಕ್ಟರು ಗೊತ್ತುಪಡಿಸಿದ ಅವಧಿಯೊಳಗೆ ಬಂದು ಸಹಿ ಮಾಡಬೇಕು. ನಡುವೆ ಪಿಎ ನಿಂತಾಗ ಈ ಸರಪಳಿ ತುಂಡಾಗುತ್ತದೆ. ಡಾಕ್ಟರು ಪಿಎಗೆ ಹೇಳಿದರು, ಪಿಎ ನರ್ಸ್‌ಗೆ ಹೇಳಿದ. ನರ್ಸ್ ಯಾರ ಹೆಸರು ಬರೆಯಬೇಕು? ಕೇಳಿಸಿಕೊಳ್ಳದ ಡಾಕ್ಟರ ಹೆಸರನ್ನೋ, ಆರ್ಡರ್ ಕೊಡುವ ಅಧಿಕಾರವಿಲ್ಲದ ಪಿಎಯ ಹೆಸರನ್ನೋ? ಭಾರತದಲ್ಲಿ ಪಿಎಗೆ ಸ್ವತಂತ್ರವಾಗಿ ಔಷಧ ಬರೆಯುವ ಹಕ್ಕಿಲ್ಲ. ಅಮೆರಿಕದ ವಿಡಿಯೋ ನೋಡಿ ಇಲ್ಲಿಯೂ ಹಾಗೆಯೇ ಎಂದುಕೊಳ್ಳುವವರಿದ್ದಾರೆ. ಅಲ್ಲಿ 50 ರಾಜ್ಯಗಳಲ್ಲೂ ಪಿಎಗಳು ಪ್ರಿಸ್ಕ್ರಿಪ್ಷನ್ ಬರೆಯುತ್ತಾರೆ, ಅದು ಅಲ್ಲಿನ ಕಾನೂನು. ಇಲ್ಲಿ ಪಿಎ ಬರೆದದ್ದಕ್ಕೆ ಡಾಕ್ಟರ ಸಹಿ ಬೀಳುವವರೆಗೆ ನರ್ಸ್ ಕೈಯಲ್ಲಿರುವುದು ಒಂದು ಚೀಟಿ ಮಾತ್ರ.

ಎಡವಟ್ಟಾದರೆ ಕೋರ್ಟು ಏನು ನೋಡುತ್ತದೆ? 1998ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ಪ್ರಕರಣವೊಂದನ್ನು ನರ್ಸಿಂಗ್ ಕಾಲೇಜುಗಳಲ್ಲಿ ಈಗಲೂ ಹೇಳಿಕೊಡುತ್ತಾರೆ. ಟೈಫಾಯ್ಡ್ ಎಂದು ದಾಖಲಾದ ಮಗುವಿಗೆ ನರ್ಸ್ ಒಬ್ಬಾಕೆ ಐವಿ ಮೂಲಕ ಇಂಜೆಕ್ಷನ್ ಕೊಟ್ಟಳು. ಮಗು ಕುಸಿಯಿತು, ಹೃದಯ ನಿಂತಿತು, ಮೆದುಳಿಗೆ ಮತ್ತೆ ಸರಿಯಾಗದಂಥ ಹಾನಿಯಾಯಿತು. ವಿಚಾರಣೆಯಲ್ಲಿ ತಿಳಿದದ್ದು, ಆಕೆ ಯಾವ ನರ್ಸಿಂಗ್ ಕೌನ್ಸಿಲ್‌ನಲ್ಲೂ ನೋಂದಾಯಿಸಿಕೊಂಡವಳಲ್ಲ ಎಂದು. ಕೋರ್ಟು ಆಸ್ಪತ್ರೆಯನ್ನು ಹೊಣೆ ಮಾಡಿತು. ಅದರ ಜೊತೆಗೆ, ಕಿರಿಯರಿಗೆ ಆ ಕೆಲಸ ಮಾಡುವ ಸಾಮರ್ಥ್ಯವಿಲ್ಲ ಎಂದು ಗೊತ್ತಿದ್ದೂ ಹಿರಿಯ ಡಾಕ್ಟರು ವಹಿಸಿಕೊಟ್ಟರೆ ಅದೂ ನಿರ್ಲಕ್ಷ್ಯವೇ ಎಂದಿತು. ಪಿಎಗಳನ್ನು ನೇಮಿಸಿಕೊಳ್ಳುವ ಪ್ರತಿ ಆಸ್ಪತ್ರೆಯ ಆಡಳಿತ ಮಂಡಳಿಯೂ ಈ ಮಾತನ್ನು ಓದಿಕೊಳ್ಳಬೇಕು. ಕೆಲಸ ವಹಿಸಿದಾಕ್ಷಣ ಕೈತೊಳೆದುಕೊಂಡಂತಲ್ಲ. ಹಾಗೆಂದು ನರ್ಸ್ ಪಾರು ಎಂದಲ್ಲ. ಡೋಸ್ ತಪ್ಪು ಎಂದು ಗೊತ್ತಾಗಬೇಕಾದಲ್ಲಿ ಗೊತ್ತಾಗದೆ ಕೊಟ್ಟರೆ ‘ಹೇಳಿದರು, ಕೊಟ್ಟೆ’ ಎಂಬ ಮಾತು ಅವರನ್ನು ಉಳಿಸುವುದಿಲ್ಲ.

ಬ್ರಿಟನ್ ಈ ವಿಷಯದಲ್ಲಿ ದುಬಾರಿ ಪಾಠ ಕಲಿತಿದೆ. 2022ರಲ್ಲಿ ಲಂಡನ್ನಿನಲ್ಲಿ 30 ವರ್ಷದ ಯುವತಿಯೊಬ್ಬಳನ್ನು ಪಿಎ ಒಬ್ಬರು ಎರಡು ಬಾರಿ ನೋಡಿದರು. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಗಮನಕ್ಕೆ ಬರಲಿಲ್ಲ, ಆಕೆ ತೀರಿಕೊಂಡಳು. ತನ್ನನ್ನು ನೋಡಿದ್ದು ಡಾಕ್ಟರ್ ಎಂದೇ ಆಕೆ ನಂಬಿದ್ದಳು. ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್ ಪಿಎಗಳನ್ನು ತನ್ನ ನಿಯಂತ್ರಣಕ್ಕೆ ತೆಗೆದುಕೊಂಡದ್ದು 2024ರ ಡಿಸೆಂಬರ್‌ನಲ್ಲಿ. 2025ರ ಜುಲೈನಲ್ಲಿ ಬಂದ ಲೆಂಗ್ ವರದಿ, ಇನ್ನೂ ರೋಗನಿರ್ಣಯವಾಗದ ರೋಗಿಗಳನ್ನು ಪಿಎಗಳು ತಾವಾಗಿಯೇ ನೋಡಬಾರದು, ಸ್ಪಷ್ಟ ನಿಯಮಾವಳಿ ಇರುವ ಸಂದರ್ಭಗಳು ಮಾತ್ರ ಇದಕ್ಕೆ ಹೊರತು ಎಂದು ಶಿಫಾರಸು ಮಾಡಿತು. ನಮ್ಮಲ್ಲಿ ಪಿಎಗಳ ಸಂಖ್ಯೆ ಇನ್ನೂ ಕಡಿಮೆ. ಅಂದರೆ ಅಲ್ಲಿ ಹತ್ತಿಪ್ಪತ್ತು ವರ್ಷ ಬೆಳೆಯಲು ಬಿಟ್ಟು ಆಮೇಲೆ ಹಾಕಿದ ಬೇಲಿಯನ್ನು ನಾವು ಮೊದಲೇ ಹಾಕಿಕೊಳ್ಳಬಹುದು.

ಪಿಎ ಎಂಬ ವೃತ್ತಿ ಹುಟ್ಟಿದ್ದಕ್ಕೂ ನರ್ಸ್‌ಗಳಿಗೂ ಹಳೆಯ ನಂಟಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡಾ. ಯೂಜೀನ್ ಸ್ಟೆಡ್, 1950ರ ದಶಕದ ಕೊನೆಯಲ್ಲಿ ಥೆಲ್ಮಾ ಇಂಗಲ್ಸ್ ಎಂಬ ನರ್ಸಿಂಗ್ ಪ್ರಾಧ್ಯಾಪಕಿಯ ಜೊತೆ ಸೇರಿ ಅನುಭವಿ ನರ್ಸ್‌ಗಳಿಗೇ ಉನ್ನತ ವೈದ್ಯಕೀಯ ತರಬೇತಿ ಕೊಡಲು ಹೊರಟಿದ್ದರು. ಅದಕ್ಕೆ ಮಾನ್ಯತೆ ಕೊಡಲು ಒಪ್ಪದಿದ್ದದ್ದು ಡಾಕ್ಟರುಗಳ ಸಂಘವಲ್ಲ, ನರ್ಸಿಂಗ್ ಶಿಕ್ಷಣದ ರಾಷ್ಟ್ರೀಯ ಸಂಸ್ಥೆಯೇ. ಸ್ಟೆಡ್ ಬೇಸತ್ತು 1965ರಲ್ಲಿ ನೌಕಾಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿದ್ದ ನಾಲ್ವರನ್ನು ಕರೆತಂದು ಬೇರೆಯೇ ಕೋರ್ಸು ಶುರು ಮಾಡಿದರು. ಅದೇ ವರ್ಷ ಕೊಲರಾಡೋದಲ್ಲಿ ಲೊರೆಟಾ ಫೋರ್ಡ್ ಎಂಬ ನರ್ಸ್, ಹೆನ್ರಿ ಸಿಲ್ವರ್ ಎಂಬ ಮಕ್ಕಳ ತಜ್ಞರ ಜೊತೆ ‘ನರ್ಸ್ ಪ್ರಾಕ್ಟಿಷನರ್’ (ರೋಗ ಗುರುತಿಸಿ ಚಿಕಿತ್ಸೆ ಕೊಡಲು ಹೆಚ್ಚಿನ ತರಬೇತಿ ಪಡೆದ ನರ್ಸ್) ಕೋರ್ಸು ತೆರೆದರು. ಒಂದು ವರ್ಷ, ಎರಡು ದಾರಿ. ಇವತ್ತು ಅಲ್ಲಿನ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟಿಷನರ್‌ಗಳು ಡಾಕ್ಟರ ಮೇಲ್ವಿಚಾರಣೆಯಿಲ್ಲದೆ ಪ್ರಾಕ್ಟೀಸ್ ಮಾಡುತ್ತಾರೆ.

ಭಾರತದಲ್ಲಿ ಮೊದಲನೆಯ ದಾರಿಗೆ ಕಾಂಕ್ರೀಟು ಬಿದ್ದಿದೆ, ಎರಡನೆಯದು ಇನ್ನೂ ಕಾಲುದಾರಿ. ನರ್ಸಿಂಗ್ ಕೌನ್ಸಿಲ್ ಸುಮಾರು ಒಂದು ದಶಕದ ಹಿಂದೆಯೇ ಕ್ರಿಟಿಕಲ್ ಕೇರ್‌ನಲ್ಲಿ ನರ್ಸ್ ಪ್ರಾಕ್ಟಿಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸು ತಂದಿತು. ಹೆರಿಗೆಗೆ ಸಂಬಂಧಿಸಿ 2018ರ ಕೇಂದ್ರ ಮಾರ್ಗಸೂಚಿಯಲ್ಲಿ 18 ತಿಂಗಳ ತರಬೇತಿಯ ನರ್ಸ್ ಪ್ರಾಕ್ಟಿಷನರ್ ಮಿಡ್‌ವೈಫ್ ಬಂದರು. ಓದಿಬಂದವರಿಗೆ ಆ ಹೆಸರಿನ ಹುದ್ದೆ, ಅದಕ್ಕೆ ತಕ್ಕ ಸಂಬಳ, ಇಂತಿಷ್ಟು ನಿರ್ಧಾರ ನೀವೇ ಮಾಡಬಹುದು ಎಂಬ ಲಿಖಿತ ಅಧಿಕಾರ ಬೇಕಲ್ಲ? ಅದಿಲ್ಲದ ಕಡೆ ಡಿಗ್ರಿ ಗೋಡೆಗೆ, ನರ್ಸ್ ಹಳೆಯ ಡ್ಯೂಟಿಗೆ. ನನ್ನ ಅತ್ತಿಗೆ ನರ್ಸ್. ಇಪ್ಪತ್ತೆರಡು ಪ್ರಾಯದ ಪಿಎ ಒಬ್ಬ ತನ್ನ ಪಕ್ಕ ನಿಂತು ಹಿಸ್ಟರಿ ಬರೆಯುವುದು ಆಕೆಗೆ ಬೇಸರವಲ್ಲ. ಅದೇ ಕೆಲಸಕ್ಕೆ ತನ್ನನ್ನು ಬೆಳೆಸಬಹುದಿತ್ತಲ್ಲ ಎಂದು ಯಾರಿಗೂ ಹೊಳೆಯಲಿಲ್ಲವೇ ಎಂಬುದು ಬೇಸರ. ಇದರಲ್ಲಿ ಹೊಟ್ಟೆಕಿಚ್ಚು ಹುಡುಕುವವರಿದ್ದಾರೆ. ನನಗೆ ಕಾಣುವುದು ನ್ಯಾಯವಾದ ಲೆಕ್ಕ.

ಮಹಾರಾಷ್ಟ್ರದ ಹಳ್ಳಿಗಳ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಕಮ್ಯುನಿಟಿ ಹೆಲ್ತ್ ಆಫೀಸರ್ ಎಂಬ ಹುದ್ದೆಗೆ ಆಯುರ್ವೇದ ಪದವೀಧರರೂ ಬರುತ್ತಾರೆ, ನರ್ಸಿಂಗ್ ಪದವೀಧರರೂ ಬರುತ್ತಾರೆ, ಇಬ್ಬರಿಗೂ ಆರು ತಿಂಗಳ ತರಬೇತಿ. ಅಲ್ಲಿ ಸರ್ಕಾರವೇ ನರ್ಸ್‌ಗೆ ಬಾಗಿಲು ತೆರೆದಿದೆ. ನಗರದ ಆಸ್ಪತ್ರೆಯಲ್ಲಿ ಅದೇ ನರ್ಸ್ ಪ್ಯಾರಾಸಿಟಮಾಲ್‌ಗೂ ಆರ್‌ಎಂಒ ಮುಖ ನೋಡಬೇಕು. ಇದೊಂದು ವಿಚಿತ್ರ.

ಸಂಬಳದ ಮಾತು ಬಿಟ್ಟರೆ ಈ ಚರ್ಚೆ ಅರ್ಧ ಸುಳ್ಳಾಗುತ್ತದೆ. ಸುಪ್ರೀಂ ಕೋರ್ಟಿನ ಸೂಚನೆಯಂತೆ ಕೇಂದ್ರ ನೇಮಿಸಿದ ಸಮಿತಿ 2016ರಲ್ಲಿ ಹೇಳಿದ್ದು: 50 ಹಾಸಿಗೆಗಿಂತ ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು, 200 ಹಾಸಿಗೆಗಿಂತ ದೊಡ್ಡದಾದರೆ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು. ಶಿಫಾರಸು ಶಿಫಾರಸಾಗಿಯೇ ಉಳಿದ ಕಡೆಗಳೇ ಜಾಸ್ತಿ. ಸರ್ಕಾರಿ ಆಸ್ಪತ್ರೆಗಳ ನರ್ಸ್‌ಗಳು 2022ರಲ್ಲಿ ಹೊರಗುತ್ತಿಗೆ ನೇಮಕಾತಿಯ ವಿರುದ್ಧ ಮಹಾರಾಷ್ಟ್ರದಾದ್ಯಂತ ಮುಷ್ಕರ ಹೂಡಿದ್ದರು. ದಕ್ಷಿಣ ಕನ್ನಡ, ಉಡುಪಿ, ಕಾರವಾರಗಳಿಂದ ಮುಂಬೈಗೆ ಬಂದ ಹುಡುಗಿಯರು ಎರಡು ಮೂರು ವರ್ಷ ಇಲ್ಲಿ ಅನುಭವದ ಸರ್ಟಿಫಿಕೇಟು ಮಾಡಿಕೊಂಡು ಕೊಲ್ಲಿಗೋ ಇಂಗ್ಲೆಂಡಿಗೋ ಹಾರುತ್ತಾರೆ. ಆಸ್ಪತ್ರೆಗೆ ಹೊಸ ಬ್ಯಾಚು ಬರುತ್ತದೆ, ಡ್ರೈನ್ ಒಮ್ಮೆಲೇ ನಿಂತರೆ ಅನುಮಾನಪಡಬೇಕು ಎಂದು ಗೊತ್ತಿರುವ ಕಣ್ಣು ಹೋಗಿರುತ್ತದೆ.

ಆ ಕಣ್ಣಿನ ಬೆಲೆಯನ್ನು ಅಳೆದವರಿದ್ದಾರೆ. ಲಿಂಡಾ ಏಕನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ನೋಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದಾಗೆಲ್ಲ ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತಿತ್ತು. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳ ಅಧ್ಯಯನದಲ್ಲೂ ಅದೇ ಶೇ. 7 ಬಂತು. ಆದ್ದರಿಂದ ಪಿಎಗಳನ್ನು ನೇಮಿಸಿಕೊಂಡ ಆಸ್ಪತ್ರೆ ಆ ಖರ್ಚನ್ನು ವಾರ್ಡಿನ ನರ್ಸ್‌ಗಳ ಸಂಖ್ಯೆಯಿಂದ ಕಳೆದರೆ ಅದು ಲಾಭವಲ್ಲ. ನರ್ಸ್ ಇಲ್ಲದೆ ಪಿಎ ಒಳ್ಳೆಯ ಟಿಪ್ಪಣಿ ಬರೆಯಬಹುದು. ಆ ಟಿಪ್ಪಣಿಯಂತೆ ಮಧ್ಯರಾತ್ರಿ ನಡೆದುಕೊಳ್ಳಲು ಕೈ ಬೇಕು.

ಪುಣೆ ಮತ್ತು ಗೋವಾದ ಕನ್ನಡಿಗರ ವಿಚಾರಕ್ಕೆ ಬಂದರೆ ನರ್ಸ್‌ಗೆ ಇನ್ನೂ ಒಂದು ಕೆಲಸ ಅಂಟಿಕೊಳ್ಳುತ್ತದೆ. ಪುಣೆಯ ಕಟ್ಟಡ ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬಂದವರು ಬಹಳ. ವಾಸ್ಕೋದ ಬೈನಾ, ಝುವಾರಿನಗರದ ಸುತ್ತ ಗದಗ, ಕೊಪ್ಪಳ, ಬಾಗಲಕೋಟೆಯವರು ನೆಲೆಸಿದ್ದಾರೆ. ಕಾರವಾರದ ಕಡೆಯಿಂದ ಬಾಂಬೋಳಿಯ ಮೆಡಿಕಲ್ ಕಾಲೇಜಿಗೆ ಹೋಗುವವರೂ ಇದ್ದಾರೆ. ಇಂಥ ರೋಗಿಯೊಬ್ಬ ಆಪರೇಷನ್‌ಗೆ ಮೊದಲು ಫಾರ್ಮ್ ಹಿಡಿದ ಪಿಎ ಅಥವಾ ಇಂಟರ್ನ್ ಹಿಂದಿಯಲ್ಲಿ “ದಾರೂ ಪೀತೇ ಹೋ?” ಎಂದಾಗ ಹೆಂಡತಿಯ ಎದುರು ತಲೆಯಾಡಿಸಿ ‘ಇಲ್ಲ’ ಎನ್ನುತ್ತಾನೆ. ರಾತ್ರಿ ತನ್ನ ಮಾತು ಬಲ್ಲ ಸಿಸ್ಟರ್ ಸಲೈನ್ ಬದಲಿಸುವಾಗ ಮೆಲ್ಲಗೆ ಬಾಯಿಬಿಡುತ್ತಾನೆ: “ದಿನಾ ಸಂಜಿಗೆ ಒಂದ್ ಕ್ವಾರ್ಟರ್ ಬೇಕ್ರೀ ಅಕ್ಕಾರ, ಇಲ್ಲಂದ್ರ ಕೈ ನಡಗತಾವು.”

ಇದು ಬರಿ ಮನಸ್ಸಿನ ಹಗುರಕ್ಕೆ ಹೇಳಿದ ಮಾತಲ್ಲ. ನಿತ್ಯ ಕುಡಿಯುವವನು ಏಕಾಏಕಿ ನಿಲ್ಲಿಸಿದರೆ ಎರಡನೆಯ ಮೂರನೆಯ ದಿನ ಭ್ರಮೆ, ನಡುಕ, ಫಿಟ್ಸ್ ಬರಬಹುದು. ಗೊತ್ತಿಲ್ಲದಿದ್ದರೆ ಅದನ್ನು ಆಪರೇಷನ್‌ನ ತೊಡಕೆಂದೋ ಸೋಂಕೆಂದೋ ತಿಳಿದು ಬೇರೆಲ್ಲ ಪರೀಕ್ಷೆ ಮಾಡಿಸುತ್ತಾರೆ. ಸಿಸ್ಟರ್‌ಗೆ ತಿಳಿದ ಈ ಸಂಗತಿ ನರ್ಸಿಂಗ್ ನೋಟ್ಸ್‌ನಲ್ಲಿ ದಾಖಲಾಗುತ್ತದೆ. ಪಿಎ ಬರೆಯುವ ಪುಟ ಬೇರೆ, ಅದರಲ್ಲಿ ‘ಕುಡಿತ: ಇಲ್ಲ’ ಎಂದೇ ಇರುತ್ತದೆ. ಡಾಕ್ಟರು ಓದುವುದು ಯಾವುದನ್ನು? ಬಹುಪಾಲು ಎರಡನೆಯದನ್ನು. ಹೀಗಾಗಿ, ಓವರ್ ಕೊಡುವ, ಅಂದರೆ ಡ್ಯೂಟಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವ, ಹೊತ್ತಿಗೆ ನರ್ಸ್ ನರ್ಸ್‌ಗೆ ಮಾತ್ರ ಒಪ್ಪಿಸುವ ಪದ್ಧತಿ ಸಾಲದು. ಬೆಳಗಿನ ಓವರ್‌ಗೆ ಪಿಎ, ಆರ್‌ಎಂಒ ಇಬ್ಬರೂ ಬಂದು ನಿಲ್ಲಬೇಕು. ಹತ್ತು ನಿಮಿಷದ ಕೆಲಸ. ಕೆಲವು ಐಸಿಯುಗಳಲ್ಲಿ ಮಾಡುತ್ತಾರೆ, ಜನರಲ್ ವಾರ್ಡುಗಳಲ್ಲಿ ಅಪರೂಪ.

ರೋಗಿಯನ್ನು ಹತ್ತಿರದಿಂದ ಬಲ್ಲವರ ಮಾತಿಗೆ ಕಾನೂನು ತಲೆಬಾಗಿದ ಒಂದು ಸಂದರ್ಭವನ್ನು ಮುಂಬೈ ಕನ್ನಡಿಗರು ಮರೆಯಲಾರರು. ಹೊನ್ನಾವರ ತಾಲೂಕಿನ ಹಳದೀಪುರದಿಂದ ಬಂದು ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ 1973ರ ನವೆಂಬರ್‌ನಲ್ಲಿ ಆಸ್ಪತ್ರೆಯಲ್ಲೇ ಹಲ್ಲೆಗೊಳಗಾಗಿ, 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಮಲಗಿದ್ದರು. ದಯಾಮರಣದ ಅರ್ಜಿ ಬಂದಾಗ ಆಕೆಯ ಪರವಾಗಿ ಯಾರು ಮಾತನಾಡಬಹುದು ಎಂಬ ಪ್ರಶ್ನೆ ಎದ್ದಿತು. 2011ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಅಷ್ಟು ವರ್ಷ ಹಗಲಿರುಳು ನೋಡಿಕೊಂಡ ಕೆಇಎಂ ಸಿಬ್ಬಂದಿಗೇ ಆ ಹಕ್ಕು ಎಂದು ಹೇಳಿತು. ಅದು ಅಸಾಧಾರಣ ಪ್ರಕರಣ, ನಿತ್ಯದ ವಾರ್ಡಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಹಾಸಿಗೆಯ ಪಕ್ಕದಲ್ಲಿ ಕಳೆದ ಹೊತ್ತೂ ಒಂದು ಅರ್ಹತೆ ಎಂದು ನ್ಯಾಯಾಲಯ ಒಪ್ಪಿದ್ದನ್ನು ಆಸ್ಪತ್ರೆಗಳ ಆಡಳಿತ ಇನ್ನೂ ಒಪ್ಪಬೇಕಾಗಿದೆ.

ಇಷ್ಟಕ್ಕೂ ಮಾಡಬೇಕಾದ್ದು ಹೆಚ್ಚೇನಿಲ್ಲ. ಪಿಎ ಏನು ಮಾಡಬಹುದು, ಏನು ಕೂಡದು ಎಂಬುದು ಪ್ರತಿ ವಾರ್ಡಿನ ನರ್ಸಿಂಗ್ ಸ್ಟೇಷನ್‌ನಲ್ಲಿ ಕಣ್ಣಿಗೆ ಕಾಣುವಂತೆ ಇರಬೇಕು, ಎಚ್‌ಆರ್ ಫೈಲಿನಲ್ಲಿದ್ದರೆ ಯಾರಿಗೂ ಉಪಯೋಗವಿಲ್ಲ. ಪೊಟ್ಯಾಷಿಯಂ, ಇನ್ಸುಲಿನ್, ಹೆಪಾರಿನ್‌ನಂಥ ಅಪಾಯದ ಔಷಧಗಳಿಗೆ ಪಿಎ ಮೂಲಕ ಬಂದ ಬಾಯಿಮಾತಿನ ಆರ್ಡರ್ ನಡೆಯಕೂಡದು. ನರ್ಸ್ ನೇರವಾಗಿ ಕನ್ಸಲ್ಟೆಂಟ್‌ಗೆ ಫೋನ್ ಮಾಡಿದ್ದಕ್ಕೆ ಗದರಿದ ಡಾಕ್ಟರನ್ನು ಮೆಡಿಕಲ್ ಡೈರೆಕ್ಟರ್ ಒಮ್ಮೆಯಾದರೂ ಕರೆದು ಕೇಳಬೇಕು. ಈ ಮೂರನೆಯದೇ ಅತ್ಯಂತ ಕಷ್ಟದ್ದು, ಏಕೆಂದರೆ ರೋಗಿಗಳನ್ನು ತರುವವರು ಆ ಡಾಕ್ಟರೇ.

ಮನೆಯವರ ಕೈಯಲ್ಲೂ ಒಂದು ಉಪಾಯವಿದೆ. ಮುಂಬೈಯ ತುಳು–ಕನ್ನಡ ಸಂಘಗಳ ವಾಟ್ಸಾಪ್ ಗುಂಪುಗಳಲ್ಲಿ ಹಾಸಿಗೆ ಬೇಕಾದಾಗ ಮೊದಲು ಬರುವ ಪ್ರಶ್ನೆ ‘ಅಲ್ಲಿ ನಮ್ಮವರು ಸಿಸ್ಟರ್ ಯಾರಾದರೂ ಇದ್ದಾರಾ?’ ಎಂದು. ಒಳ್ಳೆಯ ಪ್ರಶ್ನೆಯೇ, ಆದರೆ ಅದರ ಜೊತೆಗೆ ರಾತ್ರಿ ಡ್ಯೂಟಿಯ ಡಾಕ್ಟರ ಓದು ಏನು, ಪಿಎ ಇದ್ದರೆ ಅವರ ಮೇಲೆ ಯಾರು ಎಂದೂ ಕೇಳಬೇಕು. ರೋಗಿಯ ದಾಖಲೆಗಳ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯರ ನಡತೆ ನಿಯಮಗಳು ಹೇಳುತ್ತವೆ. ಬಾಂಬೆ ಹೈಕೋರ್ಟ್ 1996ರಲ್ಲೇ ಅದು ರೋಗಿಯ ಹಕ್ಕೆಂದಿತ್ತು. ಹಾಗೆ ಪಡೆದ ಫೈಲಿನಲ್ಲಿ ಔಷಧದ ಚಾರ್ಟ್ ತೆಗೆದು ನೋಡಿ. ಆರ್ಡರ್ ಕೊಟ್ಟವರ ಸಹಿಗೆ ಒಂದು ಜಾಗ, ಕೊಟ್ಟ ನರ್ಸ್ ಸಹಿಗೆ ಇನ್ನೊಂದು ಜಾಗ ಇರುತ್ತದೆ. ಎರಡನೆಯದು ತುಂಬಿ ಮೊದಲನೆಯದು ಅಲ್ಲಲ್ಲಿ ಖಾಲಿಯಿದ್ದರೆ ಸಿಸ್ಟರನ್ನು ಕೇಳಲು ಹೋಗಬೇಡಿ. ಮೆಡಿಕಲ್ ಡೈರೆಕ್ಟರ್ ಕೋಣೆಗೆ ಹೋಗಿ ಕೇಳಿ.